ಹೀಟ್ ಶೀಲ್ಡ್‌ಗೆ ‘ಉಷ್ಣ ಕವಚ’ ಸರಿಯೇ? ‘ಝಳಮರೆ’ ಎನ್ನಬಹುದೇ?

ಕಾರಿನ ಎಂಜಿನ್ನಿನ ನೆತ್ತಿಯ ಮೇಲೆ ಕೂತು ಒಳಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಆ ಗಾಳಿಯನ್ನು ಒತ್ತಿ ತುಂಬುವ ಪಕ್ಕದ ಟರ್ಬೋದ ಬಿಸಿ ತಾಗದಂತೆ ನಡುವೆ ಹೀಟ್ ಶೀಲ್ಡ್ ಎಂಬ ಒಂದು ತಗಡನ್ನು ನಿಲ್ಲಿಸುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ರಾಯಚೂರಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ ಕನ್ನಡದಲ್ಲಿ ಟಿಪ್ಪಣಿಗಳನ್ನು ಬರೆಯುತ್ತಿದ್ದೇನೆ. ಪಿಸ್ಟನ್, ಗ್ಯಾಸ್ಕೆಟ್, ಟರ್ಬೋ, ಇಂಟರ್‌ಕೂಲರ್ ಇವನ್ನೆಲ್ಲ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ಅವು ಬಿಡಿಭಾಗದ ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಸಿಗುತ್ತವೆ, ಹುಡುಗರ ಬಾಯಲ್ಲಿಯೂ ಅವೇ ಇವೆ. ಹೀಟ್ ಶೀಲ್ಡ್ ಹಾಗಲ್ಲ. ಅದನ್ನು ಇಲ್ಲಿಯೇ ತಗಡು ಕತ್ತರಿಸಿ, ಬಗ್ಗಿಸಿ ಮಾಡುತ್ತಾರೆ. ಕೈಯಾರೆ ಮಾಡುವ ವಸ್ತುವಿಗೆ ಇಡುವ ಹೆಸರು ಮಾಡುವ ಬಗೆಯನ್ನೂ ಒಂದಿಷ್ಟು ಹೇಳಬೇಕು ಎಂಬುದು ನನ್ನ ಹಟ.

ಪತ್ರಿಕೆಗಳಲ್ಲಿ ರೂಢಿಯಾಗಿರುವುದು ‘ಉಷ್ಣ ಕವಚ’, ಕೆಲವೊಮ್ಮೆ ‘ಶಾಖ ಕವಚ’. ರಾಕೆಟ್ಟಿನ ವಿಷಯದಲ್ಲಿ ಇದು ಒಪ್ಪುವ ಮಾತು. 2017ರ ಆಗಸ್ಟ್ 31ರಂದು ಪಿಎಸ್‌ಎಲ್‌ವಿ-ಸಿ39 ಹಾರಿದಾಗ ಹೀಟ್ ಶೀಲ್ಡ್ ಕಳಚಿಕೊಳ್ಳದೆ, ಉಪಗ್ರಹ ಅದರೊಳಗೇ ಸಿಕ್ಕಿಕೊಂಡಿತು. ಅಲ್ಲಿ ಅದು ಉಪಗ್ರಹವನ್ನು ಸುತ್ತಲೂ ಮುಚ್ಚಿಕೊಂಡಿರುವ ಚಿಪ್ಪು, ಕವಚವೆಂದರೆ ತಪ್ಪಿಲ್ಲ. ಕನ್ನಡಿಗರಿಗೆ ಕವಚವೆಂದ ಕೂಡಲೇ ನೆನಪಾಗುವುದು ಕರ್ಣ. ಮೈಗೆ ಹತ್ತಿಕೊಂಡೇ ಹುಟ್ಟಿದ್ದು, ಕೊಯ್ದು ತೆಗೆಯಬೇಕಾದದ್ದು. ಕವಚಕ್ಕೂ ಮೈಗೂ ನಡುವೆ ಸಂದು ಇಲ್ಲ.

ಕಾರಿನ ತಗಡಿಗಾದರೋ ಸಂದೇ ಪ್ರಾಣ. ಈ ಗ್ಯಾರೇಜಿಗೆ ಬಂದ ಒಂದು ಗಾಡಿಯಲ್ಲಿ ಇಂಟರ್‌ಕೂಲರ್‌ನ ತಳಕ್ಕೆ ಅಲ್ಯೂಮಿನಿಯಂ ಪಟ್ಟಿಯನ್ನು ಸಂದಿಲ್ಲದಂತೆ ಅಂಟಿಸಿದ್ದರು. ಎಲ್ಲಿಯೋ ಅಚ್ಚಾದ ಕರಪತ್ರದಲ್ಲಿ ‘ಇಂಟರ್‌ಕೂಲರ್‌ಗೆ ಉಷ್ಣ ಕವಚ ತೊಡಿಸಿ’ ಎಂದಿತ್ತಂತೆ. ಓದಿದವರು ಅಕ್ಷರಶಃ ತೊಡಿಸಿದ್ದರು. ಮೇಲಿನಿಂದ ನುಗ್ಗಿದ ತಣ್ಣನೆಯ ಗಾಳಿ ಇಂಟರ್‌ಕೂಲರ್‌ನ ತೆಳು ರೆಕ್ಕೆಗಳ ನಡುವೆ ಹಾದು ಕೆಳಗೆ ಹೊರಬೀಳಬೇಕು, ಆ ದಾರಿಯೇ ಮುಚ್ಚಿಹೋಗಿತ್ತು. ಅಂಟಿಸಿದವರನ್ನು ದೂರುವುದು ಹೇಗೆ? ಮಾತು ಹೇಳಿದ್ದನ್ನೇ ಅವರು ಮಾಡಿದ್ದಾರೆ.

ವಸ್ತುವಿನ ಕೆಲಸವನ್ನು ಹೇಳಿಬಿಟ್ಟರೆ ಚರ್ಚೆ ಸುಲಭವಾಗುತ್ತದೆ. ಟರ್ಬೋ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸುತ್ತದೆ. ಒಳಗೆ ಹೋಗುವ ಗಾಳಿ 40 ಡಿಗ್ರಿಯಿಂದ 50 ಡಿಗ್ರಿಗೆ ಏರಿದರೆ ಅದೇ ಒತ್ತಡದಲ್ಲಿ ಸುಮಾರು 3 ಪ್ರತಿಶತ ತೆಳುವಾಗುತ್ತದೆ, ಅಷ್ಟು ಆಮ್ಲಜನಕ ಖೋತಾ. ಸುಬಾರು ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್‌ನಲ್ಲಿ, ನಮ್ಮ ರಸ್ತೆಗಳಲ್ಲಿ ಈಗಲೂ ಓಡುವ ಹಳೆಯ 3 ಲೀಟರ್ ಡೀಸೆಲ್ ಫಾರ್ಚೂನರ್‌ನಲ್ಲಿ ಈ ಇಂಟರ್‌ಕೂಲರ್ ಎಂಜಿನ್ನಿನ ಮೇಲೆಯೇ ಇದೆ. ಬಾನೆಟ್ಟಿನ ಗಾಳಿಕಿಂಡಿ ಅದಕ್ಕಾಗಿಯೇ ಇರುವುದು. ಗಾಡಿ ಓಡುತ್ತಿರುವಾಗ ತೊಂದರೆ ಕಡಿಮೆ. ಏಪ್ರಿಲ್ ತಿಂಗಳ ಮಧ್ಯಾಹ್ನ ರೈಲ್ವೆ ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ನಿಂತಾಗ ಕಿಂಡಿಯಲ್ಲಿ ಗಾಳಿ ನುಗ್ಗುವುದಿಲ್ಲ, ಕೆಳಗಿನ ಬಿಸಿಯೆಲ್ಲ ಮೇಲಕ್ಕೇ ಬರುತ್ತದೆ. ಪೆಟ್ರೋಲ್ ಎಂಜಿನ್ನಿನ ಮೇಲೆ ಪೂರ್ತಿ ಹೊರೆ ಬಿದ್ದಾಗ ಟರ್ಬೋಗೆ ನುಗ್ಗುವ ಹೊಗೆ 900 ಡಿಗ್ರಿ ಮುಟ್ಟುವುದುಂಟು. ಬಿಸಿಲನಾಡಿನಲ್ಲಿ ಹೊರಗಿನ ಗಾಳಿಯೇ 40 ದಾಟಿರುವಾಗ ಇಂಟರ್‌ಕೂಲರ್‌ಗೆ ಇನ್ನೊಂದು ಕಡೆಯಿಂದಲೂ ಬಿಸಿ ಬೀಳಬಾರದು.

ನಡುವಿನ ತಗಡು ಆ ಬಿಸಿಯನ್ನು ಎರಡು ಬಗೆಯಲ್ಲಿ ತಡೆಯುತ್ತದೆ. ನುಣುಪಾದ ಅಲ್ಯೂಮಿನಿಯಂ ಉಷ್ಣ ವಿಕಿರಣದ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಹಿಂದಕ್ಕೆ ಹೊಡೆಯುತ್ತದೆ. ಉಳಿದದ್ದು ಮುಂದಕ್ಕೆ ಹರಿಯದಂತೆ ತಗಡಿನ ಹಿಂದಿನ ಗಾಳಿ ನೋಡಿಕೊಳ್ಳುತ್ತದೆ. ಆದ್ದರಿಂದ ಅದು ಎರಡೂ ಕಡೆ ಯಾವುದಕ್ಕೂ ತಾಗದೆ ನಿಲ್ಲಬೇಕು. ಗ್ಯಾರೇಜಿನ ಹಿರಿಯ ಮೇಸ್ತ್ರಿ ಮಾಡುವುದನ್ನು ನೋಡಿದ್ದೇನೆ. ಮೊದಲು ಹಳೆಯ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಜಾಗಕ್ಕೆ ಹಿಡಿದು, ಪೈಪು ಹಾಯುವಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾರೆ. ಆಮೇಲೆ ಆ ಅಚ್ಚನ್ನು ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು ಕತ್ತರಿಸುತ್ತಾರೆ. ಅಂಚನ್ನು ಒಳಕ್ಕೆ ಮಡಿಸುತ್ತಾರೆ. ಹಾಗೆ ಮಾಡಿದರೆ ತಗಡು ಬಿಗಿಯಾಗುತ್ತದೆ, ರಬ್ಬರ್ ಪೈಪನ್ನು ಕೊಯ್ಯುವುದಿಲ್ಲ. ಕೊನೆಗೆ ಇರುವ ಬೋಲ್ಟುಗಳಿಗೇ ವಾಶರುಗಳನ್ನು ಪೇರಿಸಿ ಬೆರಳು ತೂರುವಷ್ಟು ಸಂದು ಬಿಟ್ಟು ಕೂರಿಸುತ್ತಾರೆ. ಎಂಜಿನ್ ಅಲುಗುವ ವಸ್ತು, ಸಂದು ಕಡಿಮೆಯಾದರೆ ತಗಡು ಬಡಿಯುತ್ತದೆ. ಹೊಳಪಿನ ಮುಖ ಟರ್ಬೋ ಕಡೆಗೆ.

ಈಗ ಪದಗಳು. ‘ಉಷ್ಣ ನಿರೋಧಕ’ ಬೇಡ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದು ಬಿಸಿಯನ್ನು ಹರಿಯಗೊಡದ ಮರ, ಉಣ್ಣೆ, ಗಾಜಿನ ನಾರುಗಳಿಗೆ ಮೀಸಲು, ಮತ್ತು ಅಲ್ಯೂಮಿನಿಯಂ ಉತ್ತಮ ವಾಹಕ. ವಾಹಕವನ್ನು ನಿರೋಧಕವೆಂದು ಕರೆದು ಮಕ್ಕಳ ತಲೆ ಕೆಡಿಸಬಾರದು. ‘ಗುರಾಣಿ’ ಅರ್ಥದಲ್ಲಿ ಹತ್ತಿರ ಬರುತ್ತದೆ, ಅದನ್ನು ಮೈಯಿಂದ ದೂರ ಹಿಡಿಯುತ್ತಾರೆ. ಆದರೆ ‘ಉಷ್ಣ ಗುರಾಣಿ ಬಿಚ್ಚು’ ಎಂದು ಯಾವ ಗ್ಯಾರೇಜಿನಲ್ಲಿಯೂ ಕೂಗಲಾರರು. ‘ತಗಡು’, ‘ಪತ್ರಾಸ್’ ಎಂದಷ್ಟೇ ಕರೆದರೆ ಬೇರೆ ಅಪಾಯವಿದೆ. ನಮ್ಮ ಕಡೆ ಪತ್ರಾಸ್ ಎಂದರೆ ಮನೆಯ ಮೇಲೆ ಹೊದಿಸುವ ಸತು ಲೇಪದ ಹಾಳೆ, ಉಳಿದ ತುಂಡು ಎಲ್ಲರ ಹಿತ್ತಲಲ್ಲಿಯೂ ಬಿದ್ದಿರುತ್ತದೆ. ಆ ಲೇಪ ಸತತವಾಗಿ 200 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಬಾಳುವುದಿಲ್ಲ, ಟರ್ಬೋ ಪಕ್ಕದಲ್ಲಿ ಅದನ್ನು ಇಡಲೇಬಾರದು.

ನನಗೆ ಹಿಡಿಸಿರುವುದು ‘ಝಳಮರೆ’. ಬಿಸಿಗೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ, ಪ್ರತಿಯೊಂದರ ಕ್ರಿಯಾಪದವೂ ಬೇರೆ. ಸೆಕೆ ಆಗುತ್ತದೆ. ಕಾವು ಏರುತ್ತದೆ, ಹಿಡಿಯುತ್ತದೆ, ಇಳಿಯುತ್ತದೆ. ಅದು ವಸ್ತುವಿನ ಒಳಗೆ ಕೂರುವ ಬಿಸಿ. ಶಾಖವನ್ನು ನೋವಿದ್ದಲ್ಲಿ ಕೊಡುತ್ತಾರೆ. ಝಳ ಮಾತ್ರ ಹೊಡೆಯುತ್ತದೆ, ಬಡಿಯುತ್ತದೆ, ಮುಖಕ್ಕೆ ರಾಚುತ್ತದೆ. ದೂರದಿಂದ ಬಂದು ತಾಗುವ ಬಿಸಿಗೆ ಇದಕ್ಕಿಂತ ನಿಖರವಾದ ಮಾತು ನನಗೆ ಕಾಣದು. ವಿಕಿರಣವೂ ಬಿಸಿಗಾಳಿಯೂ ಎರಡೂ ಅದರಲ್ಲಿ ಅಡಕವಾಗಿವೆ, ನಮ್ಮ ತಗಡು ತಡೆಯಬೇಕಾದದ್ದೂ ಅವೆರಡನ್ನೇ. ಇನ್ನು ‘ಮರೆ’. ದೀಪಕ್ಕೆ ಕೈ ಮರೆ ಮಾಡುತ್ತೇವೆ, ಅಂಗೈ ದೀಪಕ್ಕೆ ತಾಗುವುದಿಲ್ಲ. ನಡುವೆ ನಿಲ್ಲುವುದು, ತಾಗದೆ ನಿಲ್ಲುವುದು, ಎರಡೂ ಆ ಒಂದೇ ಮಾತಿನಲ್ಲಿವೆ. ‘ಇಂಟರ್‌ಕೂಲರ್‌ಗೆ ಝಳಮರೆ ಕಟ್ಟಿ’ ಎಂದು ಬರೆದರೆ ಯಾರೂ ಅದನ್ನು ಅಂಟಿಸಲು ಹೋಗಲಾರರು.

ಮರೆತುಹೋಗುವ ‘ಮರೆ’ ನೆನಪಾಗುತ್ತದೆಂಬ ಆಕ್ಷೇಪ ಬರಬಹುದು. ಗಾಳಿಮರೆ, ಬೆಟ್ಟದ ಮರೆ ಎನ್ನುವಾಗ ಯಾರಿಗೂ ಆ ಗೊಂದಲವಾಗಿಲ್ಲ, ಇಲ್ಲಿಯೂ ಆಗದು.

ಬಲ್ಲವರಿಂದ ನನಗೆ ಬೇಕಾಗಿರುವುದು ಇಷ್ಟು. ಬಳ್ಳಾರಿ, ಕೊಪ್ಪಳದ ಕಡೆಯ ಗ್ಯಾರೇಜುಗಳಲ್ಲಾಗಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರಗಳ ಕಾರ್ಮಿಕರ ನಡುವೆಯಾಗಲಿ ಇಂಥ ತಗಡಿಗೆ ಈಗಾಗಲೇ ಬಳಕೆಯ ಹೆಸರಿದೆಯೇ? ಇದ್ದರೆ ನನ್ನದನ್ನು ಸಂತೋಷದಿಂದ ಬಿಡುತ್ತೇನೆ. ನಿಂತ ಗಾಡಿಯ ಇಂಟರ್‌ಕೂಲರ್ ಬಿಸಿಯನ್ನು ಹೀರಿಕೊಂಡು ತಣಿಯದೆ ಇರುವ ಸ್ಥಿತಿಗೆ ಹೀಟ್ ಸೋಕ್ ಎನ್ನುತ್ತಾರೆ. ಅದಕ್ಕೆ ‘ಕಾವು ಹಿಡಿಯುವುದು’ ಎಂದು ಬರೆದಿದ್ದೇನೆ, ಸಾಕೇ? ಬರಹದಲ್ಲಿ ‘ಝಳ’ ಇರಲೋ, ಹಲವರು ನುಡಿಯುವಂತೆ ‘ಜಳ’ ಇರಲೋ? ಕೊನೆಯದು ಕಮ್ಮಾರಿಕೆ ಬಲ್ಲ ಮನೆತನದವರಿಗೆ. ಹಳೆಯ ಕುಲುಮೆಗಳಲ್ಲಿ ಬೆಂಕಿಗೂ ತಿದಿಗೂ ನಡುವೆ, ತೊಗಲು ಸುಡದಿರಲೆಂದು ಮಣ್ಣಿನ ಗಿಡ್ಡ ಗೋಡೆ ಇರುತ್ತದೆ; ತಿದಿಯ ಕೊಳವೆ ಅದರ ತೂತಿನಲ್ಲಿ ಹಾದು ಬೆಂಕಿಗೆ ಗಾಳಿ ಊದುತ್ತದೆ. ಗಾಳಿ ಊದುವ ಸಾಧನವನ್ನು ಅದರ ಬೆಂಕಿಯಿಂದಲೇ ಕಾಯುವ ಆ ಗೋಡೆಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು? ಆ ಹೆಸರು ಸಿಕ್ಕರೆ ಟಿಪ್ಪಣಿಯಲ್ಲಿ ಅದನ್ನೇ ಹಾಕುವ ಆಸೆಯಿದೆ. ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.