ಸಾಲಿನ ಕೊನೆಗೆ ಒಂದೇ ಪದ ಮತ್ತೆ ಮತ್ತೆ ಬಂದರೆ ಅದೂ ಪ್ರಾಸವೇ?

ಗೆಳೆಯರೇ,

ಪದ್ಯವೊಂದರ ಪ್ರಾಸ, ಮಾತ್ರೆ (ಉಚ್ಚಾರದ ಕಾಲದ ಅಳತೆ) ಬಿಡಿಸಿ ಬರೆಯುವಾಗ ಒಂದು ಹೆಸರಿಗಾಗಿ ತಡಕಾಡುತ್ತಿದ್ದೇನೆ. ಕೇಳುವುದು ಸುಲಭವಾಗಲಿ ಎಂದು ನಾನೇ ಎರಡು ಸಾಲು ಕಟ್ಟಿದ್ದೇನೆ:

ಮರಳಿ ಬರುವೆನು ನಾಳೆ ಎನ್ನುತ
ಇರುಳ ದಾರಿಯ ಹಿಡಿದು ನಡೆಯುತ

ಇದರಲ್ಲಿ ತೊಡಕಿಲ್ಲ. ಮೂರು-ನಾಲ್ಕು, ಮೂರು-ನಾಲ್ಕು, ಸಾಲಿಗೆ 14 ಮಾತ್ರೆ. ಭಾಮಿನಿ ಷಟ್ಪದಿಯ ಚಿಕ್ಕ ಸಾಲಿನ ನಡೆ ಇದು. ಎರಡನೇ ಅಕ್ಷರ ‘ರ’, ‘ರು’. ಸ್ವರ ಬೇರೆಯಾದರೂ ವ್ಯಂಜನ ಒಂದೇ, ಆದ್ದರಿಂದ ಆದಿಪ್ರಾಸ. ಅದರ ಹಿಂದಿನ ಅಕ್ಷರ ಹ್ರಸ್ವ, ಹಾಗಾಗಿ ‘ಛಂದೋಂಬುಧಿ’ ಬರೆದ ನಾಗವರ್ಮನ ಲೆಕ್ಕದಲ್ಲಿ ಸಿಂಹಪ್ರಾಸ. ದೀರ್ಘವಿದ್ದರೆ ಗಜ, ಸೊನ್ನೆಯಿದ್ದರೆ ವೃಷಭ. ಎಷ್ಟು ಚೆಂದದ ಹೆಸರುಗಳು ಅಲ್ವಾ! ಕೊನೆಯ ‘ಉತ’ ಅಂತ್ಯಪ್ರಾಸ.

ಈಗ ಇದನ್ನು ನೋಡಿ:

ಮರಳಿ ಬರುವೆನು ನಾಳೆ ಎಂದನು
ಇರುಳ ದಾರಿಯ ಹಿಡಿವೆ ಎಂದನು

‘ಎಂದನು’ ಹಾಗೇ ಮರಳಿದೆ. ಇದನ್ನೂ ಸುಮ್ನೆ ‘ಅಂತ್ಯಪ್ರಾಸ’ ಎಂದು ಬರೆದುಬಿಡುವವರು ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಬೇರೆ ಬೇರೆ ಪದಗಳು ದನಿಯಲ್ಲಿ ಕೂಡಿದಾಗ ಕಿವಿಗೆ ಆಗುವ ಖುಷಿಯೇ ಬೇರೆ, ಅದೇ ಪದ ಮತ್ತೆ ಬಂದು ಬಡಿಯುವ ಒತ್ತೇ ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಕವಿ ಮಾಡಿದ ಕೆಲಸವೇ ಮರೆಯಾಗುತ್ತದೆ.

ಇರುವ ಹೆಸರುಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ‘ಪುನರುಕ್ತಿ’ ಎಂದರೆ ಕಾವ್ಯದ ದೋಷದ ಪಟ್ಟಿಗೆ ಹೋಗುತ್ತದೆ. ‘ಪಲ್ಲವಿ’ ಹಾಡಿನಲ್ಲಿ ಇಡೀ ಸಾಲಾಗಿ ಮರಳುವುದು. ‘ಯಮಕ’ದಲ್ಲಿ ಅಕ್ಷರಗಳು ಅವೇ ಬಂದರೂ ಅರ್ಥ ಬದಲಾಗಬೇಕು. ‘ಲಾಟಾನುಪ್ರಾಸ’ ಹತ್ತಿರ ಬರುತ್ತದೆ: ಪದವೂ ಅದೇ, ಅರ್ಥವೂ ಅದೇ, ತಾತ್ಪರ್ಯ ಮಾತ್ರ ಬೇರೆ. ಆದರೆ ಪದ ಸಾಲಿನ ಕೊನೆಯಲ್ಲೇ ನಿಲ್ಲಬೇಕು ಎಂಬುದು ಆ ಹೆಸರಿನಲ್ಲಿಲ್ಲ.

ಗಜಲ್ ಬರೆಯುವವರಿಗೆ ಈ ಕಷ್ಟವಿಲ್ಲ. ಕೊನೆಗೆ ಮರಳುವ ಪದ ರದೀಫ್, ಅದಕ್ಕೂ ಮುಂಚೆ ಕೂಡುವ ಪ್ರಾಸ ಕಾಫಿಯಾ. ಮೇಲಿನ ಸಾಲುಗಳಲ್ಲಿ ‘ನಾಳೆ’, ‘ಹಿಡಿವೆ’ ಎರಡೂ ‘ಎ’ಕಾರದಲ್ಲಿ ಮುಗಿದು ಸ್ವಲ್ಪ ಕಾಫಿಯಾದಂತೆಯೇ ಕೇಳಿಸುತ್ತವೆ. 1911ರಲ್ಲಿ ಗೋವಿಂದ ಪೈ ಆದಿಪ್ರಾಸ ಕೈಬಿಟ್ಟ ಮೇಲೆ ಹೊಸಗನ್ನಡ ಕವಿತೆಯಲ್ಲಿ ಸಾಲಿನ ಕೊನೆಗೆ ತೂಕ ಹೆಚ್ಚುತ್ತಾ ಬಂತು. ಅಲ್ಲಿ ನಡೆಯುವುದನ್ನು ಬಿಡಿಸಿ ಹೇಳಲು ನಮಗೂ ಇಂಥ ಜೋಡಿ ಹೆಸರು ಬೇಕೇ ಬೇಕು.

ಗಜಲ್ ಅಲ್ಲದ ಕವಿತೆಗೂ ‘ರದೀಫ್’ ಎಂದೇ ಬಳಸಬಹುದೇ? ನನಗೆ ‘ಮರುಪದ’ ಎಂದು ಹೊಳೆದಿದೆ. ಪಾಠ ಮಾಡುವವರು, ವಿಮರ್ಶೆ ಬರೆಯುವವರು ಯಾವ ಪದ ಬಳಸುತ್ತೀರಿ? ಬಳಕೆಯ ಒಂದು ವಾಕ್ಯವನ್ನೂ ಜೊತೆಗೆ ಕೊಟ್ಟರೆ ಉಪಕಾರವಾಗುತ್ತದೆ.