ಸಹಾಯ ಬೇಕು: ಖಾಸಗಿ ಲೇಔಟ್ ರಸ್ತೆ ನಗರಸಭೆಗೆ ಸೇರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ನಗರಸಭೆ ವ್ಯಾಪ್ತಿಯ ಖಾಸಗಿ ಲೇಔಟ್. ಮನೆ ಕಂದಾಯ ವರ್ಷಾವರ್ಷ ಕಟ್ತೀವಿ, ರಸ್ತೆ ಮಾತ್ರ ಯಾರದ್ದೂ ಅಲ್ಲ. ಎರಡನೇ ಕ್ರಾಸ್‌ನಲ್ಲಿ ಜಲ್ಲಿ ಎದ್ದು ಸ್ಕೂಟರ್ ಜಾರುತ್ತೆ. ಚರಂಡಿ ಅರ್ಧಕ್ಕೇ ನಿಂತು ನೀರೆಲ್ಲ ಖಾಲಿ ಸೈಟಿಗೆ ನುಗ್ಗುತ್ತೆ. ನಗರಸಭೆಯಲ್ಲಿ ಕೇಳಿದರೆ "ಲೇಔಟ್ ಹಸ್ತಾಂತರ ಆಗಿಲ್ಲ, ಅನುದಾನ ಹಾಕೋಕಾಗಲ್ಲ" ಅಂತಾರೆ. ಡೆವಲಪರ್ ಫೋನೇ ಎತ್ತಲ್ಲ.

ನಕ್ಷೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಅಡಿ ಮಂಜೂರಾಗಿದೆ. ರಸ್ತೆ, ಪಾರ್ಕ್, ಸಿಎ (ನಾಗರಿಕ ಸೌಲಭ್ಯದ) ಸೈಟುಗಳನ್ನು ಉಚಿತವಾಗಿ ಬಿಟ್ಟುಕೊಡಬೇಕು ಅಂತ ಮಂಜೂರಾತಿ ಷರತ್ತಿನಲ್ಲೇ ಇದೆ. ಆದರೆ ಹಾಗೆ ಬಿಟ್ಟುಕೊಟ್ಟ ಪರಿತ್ಯಾಜನಾ ಪತ್ರ (ರಿಲಿಂಕ್ವಿಷ್‌ಮೆಂಟ್ ಡೀಡ್) ನೋಂದಣಿ ಆಗಿದೆಯೋ ಇಲ್ಲವೋ ಯಾರೂ ಬಾಯಿ ಬಿಡ್ತಿಲ್ಲ. ಪಹಣಿಯಲ್ಲಿ ಇನ್ನೂ ಹಳೇ ಜಮೀನು ಮಾಲೀಕರ ಹೆಸರೇ ಇದೆ. ನಾಳೆ ಅವರ ಮಕ್ಕಳು ಬಂದು ಬೇಲಿ ಹಾಕಿದರೆ?

ಅನುಭವ ಇರೋರು ದಯವಿಟ್ಟು ಹೇಳಿ. ಡೆವಲಪರ್ ಸಹಿ ಹಾಕದಿದ್ದರೆ ನಿವಾಸಿಗಳ ಸಂಘವೇ ಅರ್ಜಿ ಕೊಟ್ಟು ಕೌನ್ಸಿಲ್‌ನಲ್ಲಿ ನಿರ್ಣಯ ಮಾಡಿಸಬಹುದಾ? ಪರಿತ್ಯಾಜನಾ ಪತ್ರದ ಪ್ರತಿಗೆ ನಕ್ಷೆ ಮಂಜೂರು ಮಾಡಿದ ಯೋಜನಾ ಪ್ರಾಧಿಕಾರಕ್ಕೆ ಆರ್‌ಟಿಐ ಹಾಕೋದಾ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸರ್ವೆ ನಂಬರ್ ಮೇಲೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸೋದಾ? "ಮಾಡಿಸ್ತೀನಿ ಬಿಡಿ" ಅಂತ ಪ್ರತಿ ಚುನಾವಣೆಗೂ ಕೇಳಿದ್ದೇವೆ, ಆ ದಾರಿ ಮಾತ್ರ ಬೇಡ. ಹಸ್ತಾಂತರ ಮಾಡಿಸಿಕೊಂಡವರ ಹತ್ತಿರ ಅರ್ಜಿ ನಮೂನೆ ಇದ್ದರೆ ಇಲ್ಲೇ ಹಾಕಿ.