‘ವಿಳಂಬ ಶುಲ್ಕ’ ಎಂದರೆ ತಡ ಮಾಡಿದವರು ಯಾರು? ಹಾಲ್ಟಿಂಗ್, ಡಿಮರೇಜ್, ಡಿಟೆನ್ಷನ್‌ಗಳಿಗೆ ಕನ್ನಡ

ಬಲ್ಲವರಿಗೆ ನಮಸ್ಕಾರ.

ವಿಜಯಪುರದ ಸರಕು ಸಾಗಣೆ ಕಚೇರಿಯೊಂದರಲ್ಲಿ ಬಿಲ್ಟಿ (ಲಾರಿಗೆ ಹೇರಿದ ಸರಕಿನ ರಸೀದಿ) ಬರೆಯುವುದು ನನ್ನ ಕೆಲಸ. ದ್ರಾಕ್ಷಿ ಬೆಳೆಗಾರರಿಗೆ ಕೊಡುವ ಬಾಡಿಗೆ ಕರಾರನ್ನು ಕನ್ನಡಕ್ಕೆ ತರುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಲಾರಿ, ವ್ಯಾಗನ್, ಕಂಟೇನರುಗಳನ್ನು ಒಪ್ಪಿದ ಹೊತ್ತು ಮೀರಿ ನಿಲ್ಲಿಸಿಕೊಂಡದ್ದಕ್ಕೆ ಹಾಕುವ ಹಾಲ್ಟಿಂಗ್, ಡಿಮರೇಜ್, ಡಿಟೆನ್ಷನ್ ಮೂರಕ್ಕೂ ‘ವಿಳಂಬ ಶುಲ್ಕ’ ಎಂದೇ ಬರೆದೆ. ಅದು ತಪ್ಪೆಂದು ತಿಳಿಸಿದವರು ತಿಕೋಟಾ ಕಡೆಯ ಒಬ್ಬ ರೈತರು.

ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಒಣದ್ರಾಕ್ಷಿ ಕಳಿಸಲು ಅವರು ಲಾರಿ ಕರೆಸಿದ್ದರು. ಲಾರಿ ಹೇಳಿದ ಹೊತ್ತಿಗೆ ಹೋಯಿತು, ಆದರೆ ಪೆಟ್ಟಿಗೆ ತುಂಬುವ ಕೆಲಸ ಮುಗಿದಿರಲಿಲ್ಲ. ಎರಡು ದಿನ ಕಾದು ಹೊರಟಿತು. ಬಿಲ್ಲಿನಲ್ಲಿ ‘ವಿಳಂಬ ಶುಲ್ಕ, 2 ದಿನ’ ಎಂದಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು, “ಸಾಹೇಬರೇ, ಲಾರಿ ತಾಸಗಾಂವ ಮುಟ್ಟಿದ್ದು ಎರಡು ದಿನ ತಡವಾಗಿ. ಈ ಹಣ ನನಗೆ ಬರಬೇಕಲ್ಲ?” ಎಂದು ಕೇಳಿದರು. ಅವರು ಓದಿದ್ದು ಸರಿಯಾಗಿಯೇ ಇತ್ತು. ಪರೀಕ್ಷಾ ಶುಲ್ಕವಿರಲಿ, ಕರೆಂಟ್ ಬಿಲ್ಲಿರಲಿ, ಕನ್ನಡದಲ್ಲಿ ವಿಳಂಬ ಶುಲ್ಕವೆಂದರೆ ತಡ ಮಾಡಿದವನು ಕಟ್ಟುವ ದಂಡ. ಇಲ್ಲಿ ತಡವಾಗಿ ಮುಟ್ಟಿದ್ದು ಲಾರಿಯೇ. ಅದನ್ನು ಕಾಯಿಸಿದವರು ಯಾರು ಎಂಬುದು ನನ್ನ ಪದದಲ್ಲಿ ಎಲ್ಲಿಯೂ ಇಲ್ಲ.

ಇಂಗ್ಲಿಷ್ ಪದದ ಮೂಲ ನೋಡಿದರೂ ಇದು ನಿಲ್ಲಿಸಿಕೊಂಡದ್ದರ ಮಾತೇ. ಡಿಮರೇಜ್ ಎಂಬುದು ತಂಗು, ಉಳಿದುಕೊಳ್ಳು ಎಂಬರ್ಥದ ಹಳೆಯ ಫ್ರೆಂಚ್ ಧಾತುವಿನಿಂದ ಬಂದದ್ದು. ಒಪ್ಪಿದ ಅವಧಿ ಮೀರಿ ಹಡಗನ್ನು ನಿಲ್ಲಿಸಿಕೊಂಡದ್ದಕ್ಕೆ ಕೊಡುವ ಹಣ ಅದು. ಬೇಗ ಬಿಟ್ಟುಕೊಟ್ಟರೆ ಹಡಗಿನವರೇ ಹಣ ಕೊಡುವ ಕರಾರೂ ಉಂಟು. ಅದಕ್ಕೆ ಡಿಸ್ಪ್ಯಾಚ್ ಎನ್ನುತ್ತಾರೆ. ಹಾಗಾಗಿ ಇದನ್ನು ದಂಡ ಎನ್ನುವುದಕ್ಕಿಂತ ಇನ್ನೊಬ್ಬರ ವಾಹನವನ್ನು ಇರಿಸಿಕೊಂಡ ಬಾಡಿಗೆ ಎನ್ನುವುದೇ ಸರಿ.

ಲಾರಿಯ ಹಾಲ್ಟಿಂಗ್‌ಗೆ ನಮ್ಮ ಚಾಲಕರ ಬಾಯಲ್ಲಿ ಆಗಲೇ ಒಂದು ಮಾತಿದೆ. ಸರಕು ಸಿಗದೆ ನಿಂತ ದಿನ ಮನೆಗೆ ಫೋನ್ ಮಾಡಿ “ಇವತ್ತು ಇಲ್ಲೇ ಮುಕ್ಕಾಂ” ಎನ್ನುತ್ತಾರೆ. ಕಾಗದದ ವಿಳಾಸದಲ್ಲಿ ‘ಮುಕ್ಕಾಂ ಪೋಸ್ಟ್’ ಎಂದು ಬರೆಯುತ್ತಿದ್ದ ಅದೇ ಮುಕ್ಕಾಂ. ‘ಮುಕ್ಕಾಂ ಬಾಡಿಗೆ, 2 ದಿನ’ ಎಂದು ಬರೆದಿದ್ದರೆ ಆ ರೈತರು ನನ್ನನ್ನು ಕೇಳಬೇಕಾಗಿಯೇ ಇರಲಿಲ್ಲ. ‘ನಿಲುಗಡೆ ಶುಲ್ಕ’ ಬೇಡ, ಅದು ಬಸ್ ನಿಲ್ದಾಣದಲ್ಲಿ ಬೈಕ್ ಇಡುವವರ ಚೀಟಿ.

ರೈಲಿನಲ್ಲಿ ಎರಡು ಬಗೆ. ವ್ಯಾಗನ್ ಖಾಲಿ ಮಾಡಲು ಕೊಟ್ಟ ಹೊತ್ತು ಮೀರಿದರೆ ಡಿಮರೇಜ್. ಇಳಿಸಿದ ಮಾಲು ರೈಲ್ವೆಯ ಜಾಗದಲ್ಲಿ ಬಿದ್ದಿದ್ದರೆ ವಾರ್ಫೇಜ್. ಎರಡನೆಯದಕ್ಕೆ ನನಗೆ ಹೊಳೆದದ್ದು ‘ನೆಲವಳಿ’. ಸಂತೆಯಲ್ಲಿ ಕಾಯಿಪಲ್ಲೆ ಹರವಿದವರಿಂದ ಆ ನೆಲಕ್ಕೆ ವಸೂಲು ಮಾಡುವ ಹಣವದು. ರೈಲಿನ ಅಂಗಳಕ್ಕೂ ಸಲ್ಲುತ್ತದೆ ಎಂದು ನನ್ನ ಎಣಿಕೆ.

ಕಠಿಣವಾದದ್ದು ಕಂಟೇನರು. ಬಂದರಿಗೆ ಬಂದಿಳಿದ ತುಂಬಿದ ಕಂಟೇನರನ್ನು ಉಚಿತ ದಿನಗಳೊಳಗೆ ಹೊರಗೆ ಒಯ್ಯದಿದ್ದರೆ ಡಿಮರೇಜ್. ಒಯ್ದ ಮೇಲೆ ಅದೇ ಕಂಟೇನರನ್ನು ಅವಧಿ ಮೀರಿ ನಮ್ಮಲ್ಲೇ ಇಟ್ಟುಕೊಂಡರೆ ಡಿಟೆನ್ಷನ್. ರಫ್ತು ಮಾಡುವವರಿಗೆ ಹೆಚ್ಚಾಗಿ ತಗಲುವುದು ಎರಡನೆಯದು: ಖಾಲಿ ಕಂಟೇನರು ತಂದು, ಹಣ್ಣು ತುಂಬಿ, ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನ ಬಾಗಿಲು ದಾಟಿಸುವವರೆಗೆ ದಿನಗಳ ಲೆಕ್ಕ ಓಡುತ್ತಿರುತ್ತದೆ. ಮೊಬೈಲ್ ಅನುವಾದವೊಂದು ಇದನ್ನು ‘ಬಂಧನ ಶುಲ್ಕ’ ಎಂದಿತ್ತು. ರೈತರ ಕೈಗೆ ಅಂಥ ಕಾಗದ ಕೊಡಲು ಮನಸ್ಸು ಒಪ್ಪುವುದಿಲ್ಲ. ಮದುವೆಗೆ ಬಾಡಿಗೆಗೆ ತಂದ ಕೊಪ್ಪರಿಗೆಯನ್ನು ಎರಡು ದಿನ ಹೆಚ್ಚಿಗೆ ಇಟ್ಟುಕೊಂಡರೆ ಹಣ ಕೊಡುತ್ತೇವಲ್ಲ, ಸಂಗತಿ ಅಷ್ಟೇ. ಡಿಮರೇಜಿಗೆ ‘ತಂಗುಬಾಡಿಗೆ’ ಎಂದು ಇಟ್ಟುಕೊಂಡಿದ್ದೇನೆ. ಡಿಟೆನ್ಷನ್‌ಗೆ ‘ಕಂಟೇನರ್ ಇರಿಸಿಕೊಂಡ ಬಾಡಿಗೆ’ ಎಂದು ಬರೆದಿದ್ದೇನೆ. ಅರ್ಥ ಕೂಡುತ್ತದೆ, ಆದರೆ ಉದ್ದವಾಯಿತು.

ಒಂದು ಹೆಚ್ಚಿನ ಮಾತು. ನಮ್ಮ ಬಿಲ್ಟಿಯಲ್ಲಿ ‘ನಗ 120’ ಎಂದಿದ್ದರೆ ಪೆಟ್ಟಿಗೆಯೋ ಚೀಲವೋ ಒಟ್ಟು 120 ಇವೆ ಎಂದರ್ಥ. ಮೈಸೂರಿನ ಕಡೆಯ ಗಿರಾಕಿಯೊಬ್ಬರು ಒಡವೆ ಎಂದು ತಿಳಿದು ಗಾಬರಿಯಿಂದ ಕರೆ ಮಾಡಿದ್ದರು. ಇದನ್ನೂ ಬಿಡಿಸಿ ಬರೆಯಬೇಕೇ, ಇಲ್ಲ ಪೇಟೆಯ ಮಾತೆಂದು ಉಳಿಸಿಕೊಳ್ಳಬೇಕೇ? ಉಳಿಯಲಿ ಎಂಬುದು ನನ್ನ ಆಸೆ.

ಹೊಸ ಕರಾರು ದ್ರಾಕ್ಷಿ ಹಂಗಾಮಿಗೆ ಮುಂಚೆ ಅಚ್ಚಾಗಬೇಕು. ‘ಮುಕ್ಕಾಂ ಬಾಡಿಗೆ’ ಹಳೆಯ ಮೈಸೂರಿನ ಕಡೆ ತಿಳಿಯುತ್ತದೆಯೇ? ಕಾರವಾರ, ಮಂಗಳೂರು ಬಂದರುಗಳಲ್ಲಿ ದುಡಿದವರು ಡಿಟೆನ್ಷನ್‌ಗೆ ಬಾಯಿಮಾತಿನಲ್ಲಿ ಏನೆನ್ನುತ್ತಾರೆ? ಎರಡಕ್ಷರದ ಮಾತಾದರೂ ಸರಿ, ದಯವಿಟ್ಟು ತಿಳಿಸಿ.